ಬ್ರಾಂಡೆನ್‌ಬರ್ಗ್ ನುಡಿಸಲು ನಮ್ಮಲ್ಲಿರುವ ವಾದ್ಯಗಳು ಸಾಕೆ?

ಪ್ರಶ್ನೆ: ನಮ್ಮದು ಬೆಂಗಳೂರಿನ ಹವ್ಯಾಸಿಗಳ ಸಣ್ಣ ಗುಂಪು. ನಾಲ್ಕು ಪಿಟೀಲು, ಎರಡು ವಿಯೋಲಾ, ಎರಡು ಚೆಲ್ಲೊ, ಬಾಡಿಗೆಗೆ ತರುವ ಡಬಲ್ ಬಾಸ್, ಇಬ್ಬರು ಫ್ಲೂಟ್ ವಾದಕರು, ಒಬ್ಬ ಟ್ರಂಪೆಟ್ ವಾದಕ, ಒಂದು ಡಿಜಿಟಲ್ ಪಿಯಾನೊ ಇವೆ. ಬಾಖ್‌ನ ಬ್ರಾಂಡೆನ್‌ಬರ್ಗ್ ಕನ್ಚೆರ್ಟೊಗಳಲ್ಲಿ (ಕೆಲವು ವಾದ್ಯಗಳು ನಾಯಕರಾಗಿ ಮುಂದೆ, ಉಳಿದವು ಹಿಂದೆ ನಿಲ್ಲುವ ಕೃತಿಗಳು) ಒಂದನ್ನು ನುಡಿಸುವ ಆಸೆ. ಎರಡನೆಯದರ ಎರಡು ರೆಕಾರ್ಡಿಂಗ್ ಕೇಳಿದೆ. ಒಂದರಲ್ಲಿ ಟ್ರಂಪೆಟ್ ಉಳಿದವರನ್ನೆಲ್ಲ ಮುಚ್ಚಿಹಾಕುತ್ತದೆ. ಇನ್ನೊಂದರಲ್ಲಿ ಟ್ರಂಪೆಟ್ ಮೆತ್ತಗಿದೆ, ಆದರೆ ಎಲ್ಲವೂ ಅರ್ಧ ಸ್ವರ ಕೆಳಗಿದೆ; ಮೊಬೈಲಿನ ಟ್ಯೂನರ್ ಎಫ್ ಬದಲು ಇ ತೋರಿಸುತ್ತದೆ. ರೆಕಾರ್ಡಿಂಗ್ ನಿಧಾನವಾಗಿ ಓಡುತ್ತಿದೆಯೆ? ನಮ್ಮಲ್ಲಿ ರೆಕಾರ್ಡರ್ (ನೇರ ಹಿಡಿದು ಊದುವ ಕೊಳಲು), ಓಬೋ (ನಾಲಿಗೆಯುಳ್ಳ ಊದುವ ವಾದ್ಯ), ಹಾರ್ಪ್ಸಿಕಾರ್ಡ್ (ತಂತಿ ಮೀಟುವ ಹಳೆಯ ಕೀಲಿವಾದ್ಯ) ಯಾವುದೂ ಇಲ್ಲ. ಗುಂಪಿನ ಹಿರಿಯರೊಬ್ಬರು, "ಬರೋಕ್ (ಬಾಖ್ ಕಾಲದ ಯುರೋಪ್ ಸಂಗೀತ) ಅಂದರೆ ಪಿಟೀಲು, ಹಾರ್ಪ್ಸಿಕಾರ್ಡ್ ಅಷ್ಟೆ, ಮಿಕ್ಕದ್ದು ಅಲಂಕಾರ. ಬಾಖ್ ತಾನೇ ತನ್ನ ಕೃತಿಗಳನ್ನು ಬೇರೆ ವಾದ್ಯಗಳಿಗೆ ಬದಲಾಯಿಸಿದ್ದಾನೆ, ನಾವೂ ಯಾವುದಕ್ಕೆ ಯಾವುದನ್ನಾದರೂ ಹಾಕಬಹುದು" ಎನ್ನುತ್ತಾರೆ. ನಿಜವೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಕೇಳಿರುವುದು ಮೂರು ಪ್ರಶ್ನೆಯಾದರೂ ನಿಮ್ಮ ಆತಂಕ ಒಂದೇ. ಬರೆದಿರುವ ವಾದ್ಯ ಕೈಯಲ್ಲಿಲ್ಲದಿದ್ದರೆ ಕೃತಿಯನ್ನು ಮುಟ್ಟಬಹುದೆ, ಮುಟ್ಟಿದರೆ ಏನು ಕಳೆದುಹೋಗುತ್ತದೆ? ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ನಿಮ್ಮ ಗುಂಪಿಗೆ ನಾಲ್ಕನೆಯ ಕನ್ಚೆರ್ಟೊ ಒಪ್ಪುತ್ತದೆ. ಮೂರನೆಯದನ್ನು ಒಂದು ಸಣ್ಣ ಹೊಂದಾಣಿಕೆಯಿಂದ ನುಡಿಸಬಹುದು. ಐದನೆಯದು ಕೀಬೋರ್ಡ್ ವಾದಕರ ತಾಕತ್ತಿನ ಮೇಲೆ ನಿಂತಿದೆ. ಎರಡನೆಯದನ್ನು ಬಿಡಿ. ನಿಮ್ಮ ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧವೇ ಅಪಾಯಕಾರಿ.

ರೆಕಾರ್ಡಿಂಗ್ ವಿಷಯ ಮೊದಲು ಮುಗಿಸೋಣ. ಅದರಲ್ಲಿ ದೋಷವಿಲ್ಲ. ಹಳೆಯ ಮಾದರಿಯ ವಾದ್ಯಗಳಲ್ಲಿ ನುಡಿಸುವ ಬಹುತೇಕ ತಂಡಗಳು ಎ ಸ್ವರವನ್ನು 440 ಹರ್ಟ್ಸ್ ಬದಲು 415ಕ್ಕೆ ಇಟ್ಟುಕೊಳ್ಳುತ್ತವೆ. ಅದು ಸರಿಯಾಗಿ ಅರ್ಧ ಸ್ವರ ಕೆಳಗೆ. ಹಾಗಾಗಿ ಎಫ್ ಮೇಜರ್‌ನ ಕೃತಿ ನಿಮ್ಮ ಟ್ಯೂನರಿಗೆ ಇ ಮೇಜರ್ ಆಗಿ ಕಾಣುತ್ತದೆ. ಧ್ವನಿಮುದ್ರಣವೇ ನಿಧಾನವಾಗಿ ಓಡಿ ಅರ್ಧ ಸ್ವರ ಇಳಿದಿದ್ದರೆ ಗತಿಯೂ ಸುಮಾರು ಶೇ 6ರಷ್ಟು ಇಳಿದಿರಬೇಕಿತ್ತು; ನೀವು ಕೇಳಿದ್ದು ಬಹುಶಃ ಇನ್ನೊಂದಕ್ಕಿಂತ ಚುರುಕಾಗಿಯೇ ಇರುತ್ತದೆ, ಗಡಿಯಾರ ಹಿಡಿದು ನೋಡಿ. 415 ಎಂಬುದು ಬರೋಕ್ ಕಾಲದ ಏಕೈಕ ಶ್ರುತಿ ಎಂದೂ ತಿಳಿಯಬೇಡಿ. ಆಗ ಊರಿಗೊಂದು ಶ್ರುತಿ. ಜರ್ಮನಿಯ ಎಷ್ಟೋ ಚರ್ಚ್ ಆರ್ಗನ್‌ಗಳು 465ರ ಆಸುಪಾಸಿನಲ್ಲಿದ್ದವು, ಫ್ರೆಂಚ್ ವಾದ್ಯಗಳು 392ರವರೆಗೂ ಇಳಿಯುತ್ತಿದ್ದವು. ನಡುವಿನ 415 ಇಂದಿನ ವಾದಕರು ಅನುಕೂಲಕ್ಕೆ ಮಾಡಿಕೊಂಡ ಒಪ್ಪಂದ. ಹಾರ್ಪ್ಸಿಕಾರ್ಡಿನ ಕೀಲಿಮಣೆಯನ್ನು ಒಂದು ಮನೆ ಪಕ್ಕಕ್ಕೆ ಸರಿಸಿದರೆ 440ಕ್ಕೂ ಆಗುತ್ತದೆ, 415ಕ್ಕೂ ಆಗುತ್ತದೆ. ಹಾಡುವವರ ಕಂಠಕ್ಕೆ ತಕ್ಕಂತೆ ತಂಬೂರಿ ಏರಿಸಿ ಇಳಿಸುವ ನಮಗೆ ಇದರಲ್ಲಿ ಅಚ್ಚರಿ ಪಡುವಂಥದ್ದೇನಿಲ್ಲ.

ಇನ್ನು "ಪಿಟೀಲು, ಹಾರ್ಪ್ಸಿಕಾರ್ಡ್ ಅಷ್ಟೆ" ಎಂಬ ಮಾತು. ಇದು ಇಟಲಿಯ ಸಂಗೀತಕಾರ ಕೊರೆಲ್ಲಿಗೆ ಹೊಂದುತ್ತದೆ. 1714ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪ್ರಕಟವಾದ ಅವನ 12 ಕನ್ಚೆರ್ಟೊಗಳಲ್ಲಿ ಎರಡು ಪಿಟೀಲು, ಒಂದು ಚೆಲ್ಲೊ ಮುಂದೆ, ಉಳಿದ ತಂತಿವಾದ್ಯಗಳು ಹಿಂದೆ. ದನಿಯ ಬಣ್ಣ ಬದಲಾಗುವುದು ಮುಂದಿನವರು ಕೆಲವರು, ಹಿಂದಿನವರು ಹಲವರು ಎಂಬ ವ್ಯತ್ಯಾಸದಿಂದ ಮಾತ್ರ. ವೆನಿಸ್‌ನ ವಿವಾಲ್ಡಿಗೆ ಬಂದರೆ ಚಿತ್ರವೇ ಬೇರೆ. ಅಲ್ಲಿನ ಪಿಯೆತಾ ಅನಾಥಾಲಯದ ಹುಡುಗಿಯರು ಸಿಕ್ಕ ವಾದ್ಯಗಳನ್ನೆಲ್ಲ ಕಲಿತವರು. 1740ರ ಮಾರ್ಚ್ 21ರಂದು ಸ್ಯಾಕ್ಸನಿಯ ರಾಜಕುಮಾರನ ಎದುರು ಅವರು ನುಡಿಸಿದ ಒಂದು ಕನ್ಚೆರ್ಟೊದಲ್ಲಿ (ಆರ್‌ವಿ 558, ವಿವಾಲ್ಡಿ ಕೃತಿಪಟ್ಟಿಯ ಸಂಖ್ಯೆ) ಎರಡು ಮ್ಯಾಂಡೊಲಿನ್, ಉದ್ದ ಕತ್ತಿನ ತಂತಿವಾದ್ಯವಾದ ಥಿಯೋರ್ಬೊ ಎರಡು, ಎರಡು ರೆಕಾರ್ಡರ್, ಕ್ಲಾರಿನೆಟ್ಟಿನ ಪೂರ್ವಜ ಎನ್ನಬಹುದಾದ ಎರಡು ಶಾಲುಮೊ, ಒಂದು ಚೆಲ್ಲೊ, ಜೊತೆಗೆ ತುತ್ತೂರಿಯಂತೆ ಕೇಳಿಸಬೇಕಾದ ವಿಶೇಷ ಪಿಟೀಲುಗಳೆರಡು ಇವೆ. ಬಸೂನಿಗೇ ಅವನು 39 ಕನ್ಚೆರ್ಟೊ ಬರೆದಿದ್ದಾನೆ. ಇದನ್ನೆಲ್ಲ ಅಲಂಕಾರ ಎನ್ನುವುದು ಕಷ್ಟ.

ಬಾಖ್ ಆರು ಕನ್ಚೆರ್ಟೊಗಳ ಚೊಕ್ಕ ಪ್ರತಿಯನ್ನು ಬ್ರಾಂಡೆನ್‌ಬರ್ಗಿನ ಮಾರ್ಗ್ರೇವ್ (ರಾಜಮನೆತನದ ಪ್ರಭು) ಕ್ರಿಸ್ಟಿಯಾನ್ ಲುಡ್ವಿಗ್‌ಗೆ ಅರ್ಪಿಸಿದ ಪತ್ರದ ತಾರೀಕು 1721ರ ಮಾರ್ಚ್ 24. ಆಗ ಅವನು ಜರ್ಮನಿಯ ಕ್ಯೋಥೆನ್ ಆಸ್ಥಾನದ ಸಂಗೀತ ಮುಖ್ಯಸ್ಥ. ಬ್ರಾಂಡೆನ್‌ಬರ್ಗ್ ಎಂಬ ಹೆಸರು ಅವನಿಟ್ಟದ್ದಲ್ಲ, 19ನೇ ಶತಮಾನದಲ್ಲಿ ಬಂದದ್ದು. ಅವನು ಬರೆದಿದ್ದು 'ಹಲವು ವಾದ್ಯಗಳೊಡನೆ ಆರು ಕನ್ಚೆರ್ಟೊಗಳು' ಎಂದಷ್ಟೆ. ಆ 'ಹಲವು' ಎಂಬುದೇ ಇಡೀ ಗುಚ್ಛದ ಯೋಜನೆ. ಆರರಲ್ಲಿ ಒಂದರ ವಾದ್ಯಮೇಳ ಇನ್ನೊಂದರಲ್ಲಿ ಮರುಕಳಿಸುವುದಿಲ್ಲ. ಮೊದಲನೆಯದರಲ್ಲಿ ಎರಡು ಹಾರ್ನ್, ಮೂರು ಓಬೋ, ಬಸೂನ್, ಮಾಮೂಲಿಗಿಂತ ಒಂದೂವರೆ ಸ್ವರ ಮೇಲೆ ಶ್ರುತಿ ಮಾಡಿದ ಪುಟ್ಟ ಪಿಟೀಲು. ಎರಡನೆಯದರಲ್ಲಿ ಟ್ರಂಪೆಟ್, ರೆಕಾರ್ಡರ್, ಓಬೋ, ಪಿಟೀಲು ನಾಲ್ವರೂ ಸಮಾನ ನಾಯಕರು. ಮೂರನೆಯದರಲ್ಲಿ ಮೂರು ಪಿಟೀಲು, ಮೂರು ವಿಯೋಲಾ, ಮೂರು ಚೆಲ್ಲೊ. ನಾಲ್ಕನೆಯದರಲ್ಲಿ ಒಂದು ಪಿಟೀಲು, ಎರಡು ರೆಕಾರ್ಡರ್. ಐದನೆಯದರಲ್ಲಿ ಅಡ್ಡ ಹಿಡಿಯುವ ಫ್ಲೂಟ್, ಪಿಟೀಲು, ಹಾರ್ಪ್ಸಿಕಾರ್ಡ್. ಆರನೆಯದರಲ್ಲಿ ಪಿಟೀಲೇ ಇಲ್ಲ: ಎರಡು ವಿಯೋಲಾ, ಎರಡು ಗಾಂಬಾ (ಕಾಲುಗಳ ನಡುವೆ ಹಿಡಿದು ಕಮಾನಿನಿಂದ ನುಡಿಸುವ ಹಳೆಯ ತಂತಿವಾದ್ಯ), ಚೆಲ್ಲೊ, ಬಾಸ್, ಹಾರ್ಪ್ಸಿಕಾರ್ಡ್.

ಬಣ್ಣ ಹೇಗೆ ಕೆಲಸ ಮಾಡುತ್ತದೆ ಎಂದು ನಿಮ್ಮ ಗುಂಪಿಗೆ ಕೇಳಿಸಬೇಕಿದ್ದರೆ ಎಲ್ಲಕ್ಕಿಂತ ಒಳ್ಳೆಯ ಪಾಠ ಮೊದಲನೆಯದರ ಕೊನೆಯ ಭಾಗ. ಎಲ್ಲರೂ ಕೂಡಿ ಮಿನುಯೆಟ್ ಎಂಬ ಆಸ್ಥಾನದ ಕುಣಿತವೊಂದನ್ನು ನುಡಿಸುತ್ತಾರೆ. ಅದು ಮುಗಿದು ಎರಡು ಓಬೋ, ಒಂದು ಬಸೂನ್ ಮಾತ್ರ ಉಳಿಯುತ್ತವೆ. ಮಿನುಯೆಟ್ ಮತ್ತೆ. ಆಮೇಲೆ ತಂತಿವಾದ್ಯಗಳಷ್ಟೇ ಒಂದು ಪೋಲಿಷ್ ಕುಣಿತ ನುಡಿಸುತ್ತವೆ. ಮಿನುಯೆಟ್ ಮತ್ತೆ. ಬಳಿಕ ಎರಡು ಹಾರ್ನ್‌ಗಳಿಗೆ ಓಬೋಗಳು ಕೂಡಿ ಒಂದೇ ಸಾಲಾಗಿ ಎದುರು ನಿಲ್ಲುತ್ತವೆ. ಕಡೆಗೊಮ್ಮೆ ಮಿನುಯೆಟ್. ಪ್ರತಿಸಲ ಮರಳಿ ಬರುವ ಸಂಗೀತದಲ್ಲಿ ಒಂದು ಸ್ವರವೂ ಬದಲಾಗಿರುವುದಿಲ್ಲ. ಆದರೆ ಈಗಷ್ಟೇ ಕೇಳಿದ ಬಣ್ಣದಿಂದಾಗಿ ಅದು ಬೇರೆಯಾಗಿ ಕೇಳಿಸುತ್ತದೆ. ಮುಂದಿನ ಕಾಲದ ಆರ್ಕೆಸ್ಟ್ರಾದಲ್ಲಿ ಒಂದು ಬಣ್ಣ ಇನ್ನೊಂದರೊಳಗೆ ಕರಗುತ್ತದೆ. ಇಲ್ಲಿ ಕರಗುವುದಿಲ್ಲ, ಗುಂಪುಗಳು ಪಕ್ಕಪಕ್ಕದಲ್ಲಿ ನಿಲ್ಲುತ್ತವೆ.

ಆ ಕಾಲದ ಕೇಳುಗರಿಗೆ ವಾದ್ಯಗಳ ದನಿಯಲ್ಲಿ ಅಂತಸ್ತೂ ಕೇಳಿಸುತ್ತಿತ್ತು. ಹಾರ್ನ್ ಎಂದರೆ ಅರಸರ ಬೇಟೆ. ಟ್ರಂಪೆಟ್ ಎಂದರೆ ಅರಮನೆ ಮತ್ತು ಸೈನ್ಯ. ಅದನ್ನು ಊದುವವರ ಸಂಘಕ್ಕೆ 1623ರಲ್ಲಿ ಚಕ್ರವರ್ತಿಯ ಸನದೇ ಸಿಕ್ಕಿತ್ತು. ರೆಕಾರ್ಡರ್ ಎಂದರೆ ಕುರಿಗಾಹಿ ಬದುಕು, ನಿದ್ದೆ, ಕೆಲವೊಮ್ಮೆ ಸಾವು. ಆರನೆಯದರಲ್ಲಿ ಬಾಖ್ ಈ ಅಂತಸ್ತನ್ನೇ ತಲೆಕೆಳಗು ಮಾಡುತ್ತಾನೆ. ಸಾಮಾನ್ಯವಾಗಿ ನಡುವಿನ ಜಾಗ ತುಂಬಲಿಕ್ಕಷ್ಟೇ ಇರುವ ವಿಯೋಲಾಗಳು ನಾಯಕರಾಗಿ ಒಂದರ ಬೆನ್ನಿಗೊಂದು ಓಡುತ್ತವೆ. ದೊರೆಗಳ ವಾದ್ಯವಾದ ಗಾಂಬಾ ಹಿಂದೆ ಕುಳಿತು ಒಂದೇ ಸಮನೆ ತಾಳ ಕೊಡುತ್ತದೆ. ಕ್ಯೋಥೆನ್‌ನ ದೊರೆ ಲಿಯೊಪೋಲ್ಡ್ ತಾನೇ ಗಾಂಬಾ ನುಡಿಸುತ್ತಿದ್ದ ಎಂಬುದು ನೆನಪಿರಲಿ.

ಈಗ ಅರ್ಧ ಸತ್ಯದ ಕಡೆ ಬರೋಣ. ಬಾಖ್ ವಾದ್ಯ ಬದಲಾಯಿಸಿದ್ದು ನಿಜ. ಆದರೆ ಹೇಗೆ? ಇ ಮೇಜರ್‌ನ ಪಿಟೀಲು ಕನ್ಚೆರ್ಟೊವನ್ನು ಹಾರ್ಪ್ಸಿಕಾರ್ಡಿಗೆ ತಂದಾಗ ಅದನ್ನು ಡಿ ಮೇಜರ್‌ಗೆ ಇಳಿಸಿದ. ಅವನು ಎಣಿಸಿದ ಕೀಲಿಮಣೆ ಮೇಲಿನ ಡಿ ಸ್ವರಕ್ಕೆ ಮುಗಿಯುತ್ತಿತ್ತು, ಪಿಟೀಲು ಅದರಾಚೆ ಇ ತನಕ ಹೋಗುತ್ತಿತ್ತು. ನಿಮಗೆ ನಾನು ಸೂಚಿಸುತ್ತಿರುವ ನಾಲ್ಕನೆಯ ಬ್ರಾಂಡೆನ್‌ಬರ್ಗನ್ನೇ ಅವನು ಹಾರ್ಪ್ಸಿಕಾರ್ಡ್ ಕನ್ಚೆರ್ಟೊ ಮಾಡಿದ್ದಾನೆ (ಬಿಡಬ್ಲ್ಯುವಿ 1057, ಬಾಖ್ ಕೃತಿಪಟ್ಟಿಯ ಸಂಖ್ಯೆ). ಜಿ ಮೇಜರ್ ಎಫ್ ಮೇಜರ್ ಆಯಿತು, ಪಿಟೀಲಿನ ಪಾತ್ರವನ್ನು ಕೀಬೋರ್ಡಿನ ಎರಡು ಕೈಗೆ ತಕ್ಕಂತೆ ಮತ್ತೆ ಬರೆದ. ರೆಕಾರ್ಡರ್ ಎರಡನ್ನೂ ಮಾತ್ರ ಹಾಗೇ ಉಳಿಸಿಕೊಂಡ. ಅಂದರೆ ಒಂದು ವಾದ್ಯ ಬದಲಾದಾಗ ಅದರ ಎತ್ತರ, ತಗ್ಗು, ಬಲ, ಪಕ್ಕದವರೊಡನೆ ಅದರ ಸಂಬಂಧ ಎಲ್ಲವನ್ನೂ ಮತ್ತೆ ಲೆಕ್ಕ ಹಾಕುತ್ತಿದ್ದ. ನೀವು ಹಿಡಿಯಬೇಕಾದ ಸೂತ್ರ ಇದೇ: ವಾದ್ಯದ ಹೆಸರಿಗಿಂತ ವಾದ್ಯಗಳ ನಡುವಿನ ಸಂಬಂಧವನ್ನು ಕಾಪಾಡಿ. ಯಾರು ಯಾರಿಗಿಂತ ಮೆತ್ತಗೆ, ಯಾರ ದನಿ ಯಾರ ಮೇಲೆ ನಿಲ್ಲಬೇಕು, ಯಾರು ಯಾರಿಗೆ ಪ್ರತಿಧ್ವನಿ ಎಂಬುದು ಉಳಿದರೆ ಬದಲಿ ವಾದ್ಯ ನಡೆಯುತ್ತದೆ. ಅದು ಕೆಟ್ಟರೆ ಅಸಲಿ ವಾದ್ಯ ತಂದರೂ ನಡೆಯುವುದಿಲ್ಲ.

ಎರಡನೆಯ ಕನ್ಚೆರ್ಟೊದಲ್ಲಿ ನಿಮ್ಮ ಕಿವಿಗೆ ಬಿದ್ದದ್ದೂ ಇದೇ. ಬಾಖ್ ಕಾಲದ ಟ್ರಂಪೆಟ್ಟಿಗೆ ಗುಂಡಿಗಳಿಲ್ಲ. ಎಫ್ ಶ್ರುತಿಯ ಅಂಥ ಟ್ರಂಪೆಟ್ಟಿನ ಕೊಳವೆ ಸುಮಾರು 2 ಮೀಟರ್ ಉದ್ದ. ತುಟಿಯ ಬಿಗಿ ಬದಲಿಸಿದಾಗ ಆ ಕೊಳವೆಯ ಸಹಜ ಸ್ವರಗಳಷ್ಟೇ ಬರುತ್ತವೆ: ಮೂಲ ಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನದವು. ಕೆಳಗೆ ಇವುಗಳ ನಡುವೆ ದೊಡ್ಡ ಅಂತರ. 8ನೆಯದರಿಂದ ಮೇಲೆ ಮಾತ್ರ ಸರಿಗಮ ಎನ್ನಬಹುದಾದಷ್ಟು ಹತ್ತಿರ ಬರುತ್ತವೆ. ಅದಕ್ಕೇ ರಾಗ ಬೇಕಿದ್ದರೆ ಟ್ರಂಪೆಟ್ಟನ್ನು ಅಷ್ಟು ಎತ್ತರಕ್ಕೆ ಒಯ್ಯಬೇಕಾಗಿತ್ತು. ಅಲ್ಲೂ 11ನೆಯದು ಶುದ್ಧ ಮಧ್ಯಮಕ್ಕೂ ಪ್ರತಿ ಮಧ್ಯಮಕ್ಕೂ ಸರಿಸುಮಾರು ನಡುವೆ ಬೀಳುತ್ತದೆ, ವಾದಕ ತುಟಿಯಿಂದಲೇ ಅದನ್ನು ಎಳೆದು ಸರಿಪಡಿಸಬೇಕು. ಉದ್ದ ಕೊಳವೆಯ ತುತ್ತತುದಿಯ ಸ್ವರಗಳನ್ನು ಮೆತ್ತಗೂ ಊದಬಹುದು, ರೆಕಾರ್ಡರಿನ ಪಕ್ಕ ನಿಲ್ಲುವಷ್ಟು ಮೆತ್ತಗೆ. ಇಂದಿನ ಆರ್ಕೆಸ್ಟ್ರಾಗಳು ಬಳಸುವ ಬಿ ಫ್ಲಾಟ್ ಶ್ರುತಿಯ ಪುಟ್ಟ ಪಿಕೊಲೊ ಟ್ರಂಪೆಟ್ಟಿನ ಕೊಳವೆ ಸುಮಾರು 75 ಸೆಂಟಿಮೀಟರ್. ಸ್ವರ ಹಿಡಿಯುವುದು ಸುಲಭ, ಆದರೆ ದನಿ ಸೂಜಿಯಂತೆ ಚೂಪು. ನೀವು ಕೇಳಿದ ಮೊದಲ ರೆಕಾರ್ಡಿಂಗ್ ಈ ಬಗೆಯದು. ಅಂದಹಾಗೆ 1977ರಲ್ಲಿ ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ ಗಾಯನದ ಜೊತೆ ಅಂತರಿಕ್ಷಕ್ಕೆ ಹೋದದ್ದು ಇದೇ ಎರಡನೆಯ ಕನ್ಚೆರ್ಟೊದ ಮೊದಲ ಭಾಗ, ಕಾರ್ಲ್ ರಿಕ್ಟರ್ ನಡೆಸಿದ ಮ್ಯೂನಿಕ್ ಬಾಖ್ ಆರ್ಕೆಸ್ಟ್ರಾದ್ದು. ಅದೂ ಆಧುನಿಕ ವಾದ್ಯಗಳ ತಂಡವೇ.

ನಿಮ್ಮ ಟ್ರಂಪೆಟ್ ವಾದಕರ ಬಳಿ ಇರುವುದು ಮಾಮೂಲಿ ಬಿ ಫ್ಲಾಟ್ ಟ್ರಂಪೆಟ್ ಇರಬೇಕು. ಈ ಪಾತ್ರದ ಎತ್ತರದ ಸ್ವರಗಳು ಅದರ ಮಾಮೂಲಿ ವ್ಯಾಪ್ತಿಯ ಹೊರಗಿವೆ. ಪ್ರಯತ್ನಿಸಿದರೆ ತುಟಿಯ ಸ್ನಾಯುಗಳಿಗೆ ಪೆಟ್ಟು ಬೀಳಬಹುದು, ಅದು ವಾಸಿಯಾಗಲು ತಿಂಗಳುಗಳು ಹಿಡಿಯಬಹುದು. ಒಂದು ಸ್ಥಾಯಿ ಇಳಿಸಿ ನುಡಿಸುವ ದಾರಿಯಿದೆ. ಹಳೆಯ ಪ್ರತಿಯೊಂದು ಹಾರ್ನ್ ಕೂಡ ಆಗಬಹುದು ಎನ್ನುವುದರಿಂದ ಹಾಗೆ ಮುದ್ರಿಸಿದವರೂ ಇದ್ದಾರೆ. ಆದರೆ ಆಗ ಮೇಲೆ ಹಾರಬೇಕಾದ ಸಾಲು ರೆಕಾರ್ಡರ್, ಓಬೋಗಳ ಕೆಳಗೆ ಹೂತುಹೋಗುತ್ತದೆ. ಪ್ರಸಿದ್ಧ ಚೆಲ್ಲೊ ವಾದಕ ಪಾಬ್ಲೊ ಕಸಾಲ್ಸ್ 1950ರಲ್ಲಿ ಫ್ರಾನ್ಸಿನ ಪ್ರಾದ್‌ನಲ್ಲಿ ಟ್ರಂಪೆಟ್ ಬದಲು ಸೊಪ್ರಾನೊ ಸ್ಯಾಕ್ಸೊಫೋನ್ ಕೂರಿಸಿದ್ದುಂಟು. ನಿಮ್ಮಲ್ಲಿ ಓಬೋ ಕೂಡ ಇಲ್ಲ ಎಂದ ಮೇಲೆ ನಾಲ್ವರು ನಾಯಕರಲ್ಲಿ ಮೂವರು ಬದಲಿಗಳಾಗುತ್ತಾರೆ. ಉಳಿಯುವ ಸಂಬಂಧ ಯಾವುದೂ ಇಲ್ಲ. ಟ್ರಂಪೆಟ್ ವಾದಕರನ್ನು ಸುಮ್ಮನೆ ಕೂರಿಸಬೇಡಿ. ಇಂಗ್ಲೆಂಡಿನ ಸಂಗೀತಕಾರ ಪರ್ಸೆಲ್‌ನ ಡಿ ಮೇಜರ್ ಸೊನಾಟಾ ಟ್ರಂಪೆಟ್ ಮತ್ತು ತಂತಿವಾದ್ಯಗಳಿಗೆ ಬರೆದದ್ದು, ಚಿಕ್ಕದು, ಎತ್ತರವೂ ಅಷ್ಟಿಲ್ಲ. ಕಾರ್ಯಕ್ರಮವನ್ನು ಅದರಿಂದ ಶುರು ಮಾಡಿ.

ಈಗ ನಾಲ್ಕನೆಯದು. ಬೇಕಾದವರು: ಒಬ್ಬ ಮುಖ್ಯ ಪಿಟೀಲು ವಾದಕ, ಎರಡು ರೆಕಾರ್ಡರ್, ಹಿನ್ನೆಲೆಯ ಪಿಟೀಲು ಎರಡು, ವಿಯೋಲಾ, ಚೆಲ್ಲೊ, ಬಾಸ್, ಹಾರ್ಪ್ಸಿಕಾರ್ಡ್. ತಂತಿವಾದ್ಯ ಅಷ್ಟೂ ನಿಮ್ಮಲ್ಲಿವೆ. ಮುಖ್ಯ ಪಿಟೀಲು ಸುಲಭವಲ್ಲ. ಮೊದಲ ಮತ್ತು ಕೊನೆಯ ಭಾಗಗಳಲ್ಲಿ ತುಂಬ ವೇಗದ ಓಟಗಳಿವೆ. ಅವನ್ನು ನಿಧಾನಗತಿಯಲ್ಲಾದರೂ ತಪ್ಪಿಲ್ಲದೆ ನುಡಿಸುವವರು ಗುಂಪಿನಲ್ಲಿದ್ದಾರೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಮಿಕ್ಕ ಚರ್ಚೆ ಬೇಡ.

ಇದ್ದಾರೆ ಎನ್ನಿ. ಉಳಿದ ಪ್ರಶ್ನೆ ಎರಡು ರೆಕಾರ್ಡರ್‌ಗಳದ್ದು. ನಿಮ್ಮ ಬೆಳ್ಳಿ ಫ್ಲೂಟುಗಳನ್ನು ಹಾಕಬಹುದು, ದೊಡ್ಡ ಆರ್ಕೆಸ್ಟ್ರಾಗಳು ದಶಕಗಟ್ಟಲೆ ಹಾಗೇ ಮಾಡಿವೆ. ಆದರೆ ಎರಡೂ ಒಂದೇ ಜಾತಿಯ ಕೊಳಲು, ಏನಾಯಿತು ಎನ್ನುವುದು ತಪ್ಪು. ಬಾಖ್ ಕಾಲದವನೇ ಆದ ಟೆಲೆಮಾನ್ ಇ ಮೈನರ್‌ನಲ್ಲಿ ಒಂದು ರೆಕಾರ್ಡರ್, ಒಂದು ಅಡ್ಡ ಫ್ಲೂಟ್ ಎರಡನ್ನೂ ನಾಯಕರಾಗಿ ನಿಲ್ಲಿಸಿ ಕನ್ಚೆರ್ಟೊ ಬರೆದಿದ್ದಾನೆ. ಒಂದೇ ಎನಿಸಿದ್ದರೆ ಆ ಜೋಡಿಯೇ ಹುಟ್ಟುತ್ತಿರಲಿಲ್ಲ. ರೆಕಾರ್ಡರಿನಲ್ಲಿ ಗಾಳಿಯ ದಾರಿಯನ್ನು ಮರದಲ್ಲೇ ಕೊರೆದಿರುತ್ತಾರೆ. ಜೋರಾಗಿ ಊದಿದರೆ ಸ್ವರ ಏರುತ್ತದೆ, ಮೆಲ್ಲಗೆ ಊದಿದರೆ ಇಳಿಯುತ್ತದೆ. ಹಾಗಾಗಿ ದನಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ, ತಿಳಿಯಾಗಿ ನಿಲ್ಲುತ್ತದೆ. ಅಡ್ಡ ಫ್ಲೂಟಿನಲ್ಲಿ ಗಾಳಿಯ ಕೋನವನ್ನು ತುಟಿಯೇ ತಿದ್ದುತ್ತದೆ. ಜೋರು ಮೆಲ್ಲ ಎರಡೂ ಸಾಧ್ಯ. ಇಲ್ಲಿನ ತೊಂದರೆ ಎತ್ತರದ್ದು. ನಾಲ್ಕನೆಯ ಕನ್ಚೆರ್ಟೊದ ಸಾಲುಗಳು ಎಫ್ ಶ್ರುತಿಯ ಆಲ್ಟೊ ರೆಕಾರ್ಡರಿಗೆ ಬರೆದವು, ಮೇಲಿನ ಜಿ ತನಕ ಏರುತ್ತವೆ. ಆ ಜಾಗ ಆಧುನಿಕ ಫ್ಲೂಟಿನ ಮೂರನೆಯ ಸ್ಥಾಯಿ, ಅದರ ಅತಿ ಜೋರಿನ ಪ್ರದೇಶ. ನಿಧಾನಗತಿಯ ಎರಡನೆಯ ಭಾಗದಲ್ಲಿ ಎಲ್ಲರೂ ಜೋರಾಗಿ ಒಂದು ಮಾತು ಹೇಳುತ್ತಾರೆ, ಮೂವರು ನಾಯಕರು ಅದನ್ನೇ ಮೆಲ್ಲಗೆ ಮರುನುಡಿಯುತ್ತಾರೆ. ಆಗ ಪಿಟೀಲು ರೆಕಾರ್ಡರ್‌ಗಳ ಕೆಳಗೆ ಹೋಗಿ ಅವಕ್ಕೆ ಆಧಾರ ಕೊಡುತ್ತದೆ. ಬಾಖ್ ಇವುಗಳನ್ನು ಪ್ರತಿಧ್ವನಿಯ ಕೊಳಲುಗಳು ಎಂದೇ ಬರೆದಿದ್ದಾನೆ. ಎರಡು ಬೆಳ್ಳಿ ಫ್ಲೂಟು ಅಲ್ಲಿ ಎತ್ತರದಲ್ಲಿ ಕೂಗಿದರೆ ಪ್ರತಿಧ್ವನಿಯೇ ಕರೆಗಿಂತ ಜೋರಾಗುತ್ತದೆ.

ಅದಕ್ಕೆ ಎರಡು ದಾರಿ. ಫ್ಲೂಟುಗಳನ್ನೇ ಇಟ್ಟುಕೊಂಡರೆ ಹಿನ್ನೆಲೆಯನ್ನು ದಪ್ಪ ಮಾಡಿ: ಮಿಕ್ಕ ಪಿಟೀಲನ್ನು ಮೊದಲ ಸಾಲಿಗೆ ಸೇರಿಸಿ, ಎರಡೂ ವಿಯೋಲಾ, ಎರಡೂ ಚೆಲ್ಲೊ ನುಡಿಸಲಿ. ಫ್ಲೂಟ್ ವಾದಕರು ಸ್ವರವನ್ನು ಅಲುಗಿಸುವ ಕಂಪನವನ್ನು (ವೈಬ್ರಾಟೊ) ಪೂರ್ತಿ ಬಿಟ್ಟು, ಮೇಲಿನ ಸ್ವರಗಳನ್ನು ಚಿಕ್ಕದಾಗಿ ಮುಗಿಸಬೇಕು. ಅಪಾಯ ಏನೆಂದರೆ, ಮೂರನೆಯ ಸ್ಥಾಯಿಯಲ್ಲಿ ಮೆಲ್ಲಗೆ ಊದಲು ಹೋಗಿ ಸ್ವರ ಇಳಿಯುತ್ತದೆ. ಇಬ್ಬರೂ ಬೇರೆ ಬೇರೆ ಪ್ರಮಾಣದಲ್ಲಿ ಇಳಿದರೆ ಕಿವಿಯಲ್ಲಿ ಗುಂಯ್ ಎಂಬ ಮಿಡಿತ ಕೇಳುತ್ತದೆ.

ನನ್ನ ಆಯ್ಕೆ ಎರಡನೆಯ ದಾರಿ: ಅದೇ ಇಬ್ಬರು ಆಲ್ಟೊ ರೆಕಾರ್ಡರ್ ಕಲಿಯಲಿ. ಇದು ಆ ಕಾಲಕ್ಕೂ ಹೊಸದಲ್ಲ. ಊರ ವಾದಕರು, ಓಬೋ ವಾದಕರು ಅಗತ್ಯ ಬಿದ್ದಾಗ ರೆಕಾರ್ಡರ್, ಫ್ಲೂಟ್ ಎತ್ತಿಕೊಳ್ಳುತ್ತಿದ್ದರು. ಒಳ್ಳೆಯ ಪ್ಲಾಸ್ಟಿಕ್ ಆಲ್ಟೊ ರೆಕಾರ್ಡರ್ ಫ್ಲೂಟಿನ ಬೆಲೆಗೆ ಹೋಲಿಸಿದರೆ ಬಹಳ ಅಗ್ಗ, 440ಕ್ಕೇ ಶ್ರುತಿಯಾಗಿ ಬರುತ್ತದೆ, ಮಳೆಗಾಲದಲ್ಲಿ ಉಬ್ಬುವುದಿಲ್ಲ. ಕೊಳ್ಳುವಾಗ ಒಂದು ಎಚ್ಚರಿಕೆ. ರಂಧ್ರಗಳ ಜೋಡಣೆಯಲ್ಲಿ ಜರ್ಮನ್, ಬರೋಕ್ ಎಂದು ಎರಡು ಪದ್ಧತಿಗಳಿವೆ. ಜರ್ಮನ್ ಪದ್ಧತಿ ಮಕ್ಕಳ ಅನುಕೂಲಕ್ಕೆ ಬಂದದ್ದು: ಆಲ್ಟೊದಲ್ಲಿ ಬಿ ಫ್ಲಾಟ್ ಹಿಡಿಯಲು ಸುಲಭವಾಗುತ್ತದೆ, ಆದರೆ ಮುಂದಿನ ಬಿ ಅಪಸ್ವರ ಬರುತ್ತದೆ. ಜಿ ಮೇಜರ್‌ನಲ್ಲಿ ಬಿ ಎಂದರೆ ಗಾಂಧಾರ, ಸಾಲುಸಾಲಿಗೂ ಬೀಳುವ ಸ್ವರ. ಬರೋಕ್ ಪದ್ಧತಿಯದನ್ನೇ ಕೊಳ್ಳಿ, ಎರಡೂ ಒಂದೇ ಮಾದರಿಯವಾಗಿರಲಿ. ಶಾಲೆಯಲ್ಲಿ ಸೊಪ್ರಾನೊ ರೆಕಾರ್ಡರ್ ಊದಿದವರಿಗೆ ಬೆರಳು ಅದೇ, ಸ್ವರ ಮಾತ್ರ ಪಂಚಮದಷ್ಟು ಕೆಳಗೆ. ಹಾಗಾಗಿ ಹೊಸದಾಗಿ ಕಲಿಯಬೇಕಾದದ್ದು ಬೆರಳಲ್ಲ, ಓದು. ಎತ್ತರದ ಎಫ್ ಶಾರ್ಪ್ ಈ ವಾದ್ಯದ ಕೆಟ್ಟ ಸ್ವರ, ಅದಕ್ಕೆ ಯಾವ ಬೆರಳು ಸರಿ ಎಂದು ಒಬ್ಬೊಬ್ಬರೂ ತಮ್ಮ ವಾದ್ಯದಲ್ಲೇ ಹುಡುಕಬೇಕು.

ರೆಕಾರ್ಡರ್ ಬಂದರೆ ಹಿನ್ನೆಲೆ ತೆಳ್ಳಗಾಗಲಿ: ಸಾಲಿಗೊಬ್ಬರೇ. ನಾಲ್ಕನೆಯ ಪಿಟೀಲು, ಎರಡನೆಯ ವಿಯೋಲಾ ಕುಳಿತುಕೊಳ್ಳಬೇಕಾಗುತ್ತದೆ. ಇದನ್ನು ಹೇಳುವುದು ಗುಂಪಿನ ಮುಖ್ಯಸ್ಥರಿಗೆ ನೋವಿನ ಕೆಲಸ ಎಂದು ಗೊತ್ತು. ಆದರೆ ಕ್ಯೋಥೆನ್‌ನ ಇಡೀ ಆಸ್ಥಾನಮೇಳವೇ 17 ಜನರ ಆಸುಪಾಸಿನದು. ಈ ಸಂಗೀತ ಸಾಲಿಗೊಬ್ಬರಿಗೆ ಹೇಳಿ ಮಾಡಿಸಿದಂತಿದೆ. ಪ್ಲಾಸ್ಟಿಕ್ ರೆಕಾರ್ಡರಿನ ತಲೆಭಾಗವನ್ನು ಶುರುವಿಗೆ ಮುನ್ನ ಐದು ಹತ್ತು ನಿಮಿಷ ಕಂಕುಳಲ್ಲಿ ಇಟ್ಟು ಬೆಚ್ಚಗೆ ಮಾಡಿ. ತಣ್ಣಗಿದ್ದರೆ ಶ್ರುತಿ ಇಳಿದಿರುತ್ತದೆ, ಉಸಿರಿನ ತೇವ ಗಾಳಿದಾರಿಯಲ್ಲಿ ಹನಿಗಟ್ಟಿ ದನಿ ಒರಟಾಗುತ್ತದೆ. ಹನಿಗಟ್ಟಿದರೆ ಬಾಯಿಂದ ಒಳಕ್ಕೆ ಎಳೆದುಕೊಳ್ಳಿ. ಹೊರಕ್ಕೆ ಊದಿದರೆ ಕೂಗುತ್ತದೆ. ಶ್ರುತಿ ಏರಿದ್ದರೆ ತಲೆಭಾಗವನ್ನು ಎರಡು ಮೂರು ಮಿಲಿಮೀಟರ್ ಹೊರಗೆಳೆಯಿರಿ.

ಹಾರ್ಪ್ಸಿಕಾರ್ಡ್ ಜಾಗಕ್ಕೆ ಡಿಜಿಟಲ್ ಪಿಯಾನೊ ಸಾಕು, ಆದರೆ ಅದನ್ನು ಪಳಗಿಸಬೇಕು. ಹಾರ್ಪ್ಸಿಕಾರ್ಡಿನಲ್ಲಿ ಕೀಲಿ ಒತ್ತಿದಾಗ ಮರದ ಪಟ್ಟಿಯೊಂದು ಮೇಲೆದ್ದು, ಅದರಲ್ಲಿ ಸಿಕ್ಕಿಸಿದ ಹಕ್ಕಿಗರಿಯ ಕಡ್ಡಿ ತಂತಿಯನ್ನು ಮೀಟುತ್ತದೆ. ಬೆರಳು ಎಷ್ಟು ಜೋರಾಗಿ ಬಿದ್ದರೂ ದನಿ ಬಹುತೇಕ ಒಂದೇ. ಆದ್ದರಿಂದ ಡಿಜಿಟಲ್ ಪಿಯಾನೊದಲ್ಲಿ ಹಾರ್ಪ್ಸಿಕಾರ್ಡ್ ದನಿ ಆರಿಸಿದ ಮೇಲೆ ಟಚ್ ಸೆನ್ಸಿಟಿವಿಟಿಯನ್ನು ಪೂರ್ತಿ ಆಫ್ ಮಾಡಿ. ಕೆಲವು ಮಾದರಿಗಳು ತಾವೇ ಮಾಡುತ್ತವೆ, ಕೆಲವು ಮಾಡುವುದಿಲ್ಲ. ರಿವರ್ಬ್ ತೆಗೆಯಿರಿ, ಪೆಡಲ್ ಕಾಲಿನಿಂದ ದೂರ ಸರಿಸಿ. ಸ್ಪೀಕರ್ ಚೆಲ್ಲೊ ಮತ್ತು ಬಾಸ್ ನಡುವೆ ನೆಲದ ಮಟ್ಟದಲ್ಲಿರಲಿ, ವಾಲ್ಯೂಮ್ ಎಷ್ಟು ಎಂದರೆ ನಿಲ್ಲಿಸಿದಾಗ ಏನೋ ಕಡಿಮೆಯಾಯಿತು ಎನಿಸಬೇಕು, ನುಡಿಸುವಾಗ ಎದ್ದು ಕಾಣಬಾರದು. ಬಾಸ್ ಸಾಲಿನ ಕೆಳಗೆ, ಯಾವ ಸ್ವರಗಳನ್ನು ಕೂಡಿಸಬೇಕು ಎಂದು ಸೂಚಿಸುವ ಅಂಕಿಗಳು ಮಾತ್ರ ಇರುವ ಪ್ರತಿ ಸಿಕ್ಕಿದರೆ, ಬಲಗೈಯನ್ನು ಬರೆದುಕೊಟ್ಟಿರುವ ಪ್ರಕಟಣೆ ಹುಡುಕಿ.

ಐದನೆಯದರಲ್ಲಿ ಈ ಕೀಬೋರ್ಡ್ ಹಿಂದಿನ ಸಾಲಿನಿಂದ ಮುಂದೆ ಬರುತ್ತದೆ. 1719ರಲ್ಲಿ ಬರ್ಲಿನ್ನಿನಿಂದ ಹೊಸ ಹಾರ್ಪ್ಸಿಕಾರ್ಡ್ ತರಲು ಬಾಖ್‌ಗೆ 130 ತಾಲರ್ (ಆಗಿನ ಬೆಳ್ಳಿ ನಾಣ್ಯ) ಕೊಟ್ಟ ಲೆಕ್ಕ ಕ್ಯೋಥೆನ್ ದಾಖಲೆಯಲ್ಲಿದೆ. ಮೇಳದಲ್ಲಿ ಆವರೆಗೆ ಸಾಮಾನ್ಯವಾಗಿ ಆಧಾರ ಕೊಡುವುದಷ್ಟೇ ಕೆಲಸವಾಗಿದ್ದ ವಾದ್ಯ ಇಲ್ಲಿ ಮೆಲ್ಲನೆ ಫ್ಲೂಟು, ಪಿಟೀಲುಗಳನ್ನು ದಾಟಿ, ಕಡೆಗೆ 65 ಆವರ್ತ ಒಂಟಿಯಾಗಿ ನುಡಿಸುತ್ತದೆ. ಅದನ್ನು ನಿಭಾಯಿಸುವ ಕೈ ನಿಮ್ಮಲ್ಲಿಲ್ಲದಿದ್ದರೂ ನಡುವಿನ ಭಾಗವನ್ನು ಮಾತ್ರ ನುಡಿಸಬಹುದು. ಅಲ್ಲಿ ಫ್ಲೂಟ್, ಪಿಟೀಲು, ಕೀಬೋರ್ಡ್ ಮೂವರೇ. ಇಲ್ಲಿ ಬೇಕಾಗಿರುವುದು ಅಡ್ಡ ಫ್ಲೂಟೇ, ಆದ್ದರಿಂದ ನಿಮ್ಮ ಬೆಳ್ಳಿ ಫ್ಲೂಟು ಸರಿಯಾದ ಜಾಗದಲ್ಲಿರುತ್ತದೆ.

ಮೂರನೆಯದಕ್ಕೆ ನಿಮಗೆ ಒಂದು ವಿಯೋಲಾ, ಒಂದು ಚೆಲ್ಲೊ ಕಡಿಮೆ. ಚೆಲ್ಲೊ ಸಮಸ್ಯೆ ಸಣ್ಣದು. ಕೊನೆಯ ಭಾಗದಲ್ಲಿ ಮೂರೂ ಕೂಡಿಯೇ ಸಾಗುತ್ತವೆ, ಮೊದಲ ಭಾಗದಲ್ಲಿ ಬೇರ್ಪಡುವ ಕೆಲವು ಕಡೆ ಮೂರನೆಯ ಸಾಲನ್ನು ಕೀಬೋರ್ಡಿನ ಎಡಗೈಗೆ ಕೊಡಿ. ವಿಯೋಲಾ ಸಾಲು ಪಿಟೀಲಿನ ಕೆಳ ತಂತಿಗಿಂತ ಕೆಳಗಿಳಿಯುತ್ತದೆ. ನಾಲ್ಕನೆಯ ಪಿಟೀಲಿಗೆ ಚಿಕ್ಕ ಅಳತೆಯ ವಿಯೋಲಾ ತಂತಿಗಳನ್ನು ಹಾಕಿ ಸಿ, ಜಿ, ಡಿ, ಎ ಶ್ರುತಿ ಮಾಡಿದರೆ ಕೆಲಸವಾಗುತ್ತದೆ. ಸಿ ತಂತಿಯ ದನಿ ಬಡಕಲಾಗಿರುತ್ತದೆ, ಮೂರನೆಯ ವಿಯೋಲಾಗೆ ಅದು ಸಹ್ಯ. ದಪ್ಪ ತಂತಿ ಪಿಟೀಲಿನ ಕತ್ತಿನ ತುದಿಯ ನಟ್ಟಿನ ಕಚ್ಚಿನಲ್ಲಿ ಕೂರುತ್ತದೆಯೇ ಎಂದು ರಿಪೇರಿಯವರಿಗೆ ತೋರಿಸಿ, ಒತ್ತಿ ತುರುಕಬೇಡಿ. ಆರನೆಯದಕ್ಕೆ ಗಾಂಬಾ ಬದಲು ಚೆಲ್ಲೊ ಎಂದು ಹೊರಟರೆ ಒಟ್ಟು ಮೂರು ಚೆಲ್ಲೊ ಬೇಕು. ತೆಳುವಾದ ಆರು ತಂತಿಯ ಗಾಂಬಾ ಜಾಗಕ್ಕೆ ದಪ್ಪ ದನಿಯ ಚೆಲ್ಲೊ ಬಂದರೆ ಕೆಳಗೆಲ್ಲ ಕೆಸರಾಗುತ್ತದೆ. ಈಗ ಬೇಡ.

ತಂತಿವಾದ್ಯದವರು ಕರುಳಿನ ತಂತಿ ಹಾಕಬೇಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಮೊದಲ ಕಾರ್ಯಕ್ರಮಕ್ಕೆ ಬೇಡ. ಅದು ತೇವ ಹೀರುತ್ತದೆ, ಮಳೆಗಾಲದಲ್ಲಿ ಹತ್ತು ನಿಮಿಷಕ್ಕೊಮ್ಮೆ ಶ್ರುತಿ ಜಾರುತ್ತದೆ, ಮೇಲಿನ ಇ ತಂತಿ ಹೇಳದೆ ಕೇಳದೆ ತುಂಡಾಗುತ್ತದೆ. ಉಕ್ಕಿನ ತಂತಿಯನ್ನು 415ಕ್ಕೆ ಇಳಿಸುವುದಂತೂ ಬೇಡವೇ ಬೇಡ, ಸಡಿಲವಾಗಿ ಮಂಕಾಗುತ್ತದೆ. ಫ್ಲೂಟೂ ಅಷ್ಟು ಇಳಿಯುವುದಿಲ್ಲ. 440ರಲ್ಲೇ ಇರಿ. ಕಡಿಮೆ ಖರ್ಚಿನಲ್ಲಿ ಹೆಚ್ಚು ಬಣ್ಣ ಬದಲಿಸುವುದು ಕಮಾನು. ಹೊರಕ್ಕೆ ಬಾಗಿದ ಬರೋಕ್ ಕಮಾನು ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಈಗಿನ ಕಮಾನನ್ನೇ ಹಿಡಿಯಿಂದ ನಾಲ್ಕೈದು ಸೆಂಟಿಮೀಟರ್ ಮೇಲೆ ಹಿಡಿಯಿರಿ, ಪ್ರತಿ ಸ್ವರವೂ ತಾನಾಗಿ ಕ್ಷೀಣಿಸಲಿ. ಸ್ವರ ಸ್ವರದ ನಡುವೆ ತೆರೆಯುವ ಆ ಸಂದಿಯಲ್ಲೇ ರೆಕಾರ್ಡರ್ ಕೇಳಿಸುವುದು.

ತಾಲೀಮು ನಿಧಾನಗತಿಯ ಎರಡನೆಯ ಭಾಗದಿಂದ ಶುರುವಾಗಲಿ, ಮೊದಲು ಮೂವರು ನಾಯಕರಿಂದ ಮಾತ್ರ. ಅವರ ಮೆಲುದನಿ ಎಷ್ಟು ಎಂದು ಗೊತ್ತಾದ ಮೇಲೆ ಉಳಿದವರ ಜೋರು ಎಷ್ಟಿರಬೇಕು ಎಂಬುದು ತಾನಾಗಿ ನಿರ್ಧಾರವಾಗುತ್ತದೆ. ಫೋನನ್ನು ಐದಾರು ಮೀಟರ್ ದೂರದ ಕುರ್ಚಿಯಲ್ಲಿಟ್ಟು ರೆಕಾರ್ಡ್ ಮಾಡಿ ಕೇಳಿ. ವೇದಿಕೆಯ ಮೇಲೆ ಕೇಳಿದ್ದನ್ನು ನಂಬಬೇಡಿ. ರೆಕಾರ್ಡರ್ ವಾದಕರು ನಿಂತು, ಎಲ್ಲರಿಗಿಂತ ಮುಂದೆ, ಸ್ಟ್ಯಾಂಡನ್ನು ತಗ್ಗಿಸಿಕೊಂಡು ನುಡಿಸಲಿ. ಸಭಾಂಗಣದಲ್ಲಿ ಸೀಲಿಂಗ್ ಫ್ಯಾನ್ ಇದ್ದರೆ ಆ ಹೊತ್ತಿಗೆ ನಿಲ್ಲಿಸಲು ಮೊದಲೇ ಒಪ್ಪಿಸಿ. ಅದರ ಗಾಳಿಯ ಸದ್ದು ಆಲ್ಟೊ ರೆಕಾರ್ಡರಿನ ಕೆಳಗಿನ ಸ್ವರಗಳನ್ನು ನುಂಗಿಬಿಡುತ್ತದೆ. ಮೈಕ್ ಅನಿವಾರ್ಯ ಎಂದಾದರೆ ಎರಡು ರೆಕಾರ್ಡರ್‌ಗಳ ಮುಂದೆ, ಒಂದು ಮೀಟರ್ ದೂರದಲ್ಲಿ, ಒಂದೇ ಮೈಕ್ ಸಾಕು. ಸೌಂಡ್ ನೋಡಿಕೊಳ್ಳುವವರು ಕೀಬೋರ್ಡಿನ ತಂತಿಯನ್ನು ನೇರ ಮಿಕ್ಸರಿಗೆ ಸಿಕ್ಕಿಸಲು ಬರುತ್ತಾರೆ, ಬಿಡಬೇಡಿ.